ಅರಿಸಿನ ಹಚ್ಚಿದ ಓಟಿನ ಕಾಗದ

ನಿಮ್ಮಲ್ಲಿ ಯಾರಾದರೂ ಒಂದು ಇಡೀ ದೇಶವನ್ನು ಚುನಾವಣೆಯಲ್ಲಿ ಸೋಲಿಸಿದ್ದೀರಾ? ಇಲ್ಲ ತಾನೇ? ನಾನು ಸೋಲಿಸಿದ್ದೇನೆ. ಅದೂ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ, ಚಾಪೆಯ ಮೇಲೆ ಕೂತು. ಸೋಲಿಸಿದ್ದು ನಾನೇ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವವರು ಇವತ್ತಿನವರೆಗೆ ಸಿಕ್ಕಿಲ್ಲ, ಅದು ಬೇರೆ ಮಾತು.

ಮೊಮ್ಮಗಳು ಹೋದ ತಿಂಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿಕೊಟ್ಟಳು. ನಾನು ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ. ನಮ್ಮವರು ಹತ್ತೂ ಬೆರಳಿನಲ್ಲಿ, ಕೀಲಿಯ ಕಡೆ ಕಣ್ಣೇ ಹಾಕದೆ ಟೈಪ್ ಮಾಡುತ್ತಿದ್ದರು. ನಾವು ಉಡುಪಿ ಕಡೆಯವರು. ಅವರು ಮೊದಲು ಅಂಬರನಾಥದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದರು. ಎಂಬತ್ತರ ದಶಕದ ಶುರುವಿಗೆ ಅದನ್ನು ಬಿಟ್ಟು ಮುಂಬಯಿಯ ಕೋಟೆ ಪ್ರದೇಶದ ಒಂದು ಕಾನ್ಸುಲೇಟಿಗೆ ಸೇರಿದರು.

ಕಾನ್ಸುಲೇಟು ಎಂದ ಕೂಡಲೇ ಗೇಟು, ಪಹರೆ ಎಂದೆಲ್ಲ ಊಹಿಸಿಕೊಳ್ಳಬೇಡಿ. ಅದು ಒಂದು ಪುಟ್ಟ ದ್ವೀಪದ ದೇಶದ್ದು. ಇಲ್ಲಿಗೆ ತನ್ನವರನ್ನು ಕಳಿಸುವ ತ್ರಾಣ ಆ ದೇಶಕ್ಕಿರಲಿಲ್ಲ. ಲವಂಗದ ವ್ಯಾಪಾರ ಮಾಡುವ ಒಬ್ಬ ಗುಜರಾತಿ ಸಾಹೇಬರಿಗೆ ಗೌರವ ಕಾನ್ಸುಲ್ ಎಂಬ ಪದವಿ ಕೊಟ್ಟು, ಅವರ ಮೇಜಿನ ಮೇಲೆ ಒಂದು ಬಾವುಟ ಇಡಿಸಿತ್ತು. ಬಾವುಟ, ಸಾಹೇಬರು, ನಮ್ಮವರು, ಟೈಪ್‌ರೈಟರು. ಹಿಂದೆ ಲವಂಗದ ಮೂಟೆ. ಅಷ್ಟೇ ಆಫೀಸು.

ಆ ವರ್ಷ ಆ ದೇಶಕ್ಕೆ ಚುನಾವಣೆಗೆ ನಿಲ್ಲುವ ಹುಕಿ ಬಂತು. ಲೋಕದ ಹಡಗುಗಳಿಗೆಲ್ಲ ಕಾನೂನು ಮಾಡುವ ದೊಡ್ಡ ಸಂಸ್ಥೆಯೊಂದರ ಮಂಡಳಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತಂತೆ. ಅಲ್ಲಿ ಓಟು ಹಾಕುವವರು ದೇಶಗಳು. ಹಾಕುವುದು ಎಲ್ಲೋ ಯುರೋಪಿನಲ್ಲಿ, ಗುಟ್ಟಾಗಿ. ಆದರೆ ಕೇಳುವುದು ಮಾತ್ರ ಊರೂರಿನಲ್ಲಿ. ಮುಂಬಯಿಯಲ್ಲಿ ಆಫೀಸು ಇರುವ ಪ್ರತಿ ದೇಶಕ್ಕೂ ಒಂದು ಕಾಗದ, ಜೊತೆಗೆ ಒಂದು ಡಬ್ಬಿ ಲವಂಗ. ನೀವು ನಮಗೆ ಇಲ್ಲಿ ಕೊಡಿ, ನಾವು ನಿಮಗೆ ಇನ್ನೆಲ್ಲೋ ಕೊಡುತ್ತೇವೆ ಎಂಬುದನ್ನು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆಯುವುದು.

"ಗೆದ್ದರೆ ಅವರ ಸ್ವಂತ ಆಫೀಸು ಬರ್ತದಂತೆ. ನನ್ನ ಕೆಲಸ ಪರ್ಮನೆಂಟು," ಎಂದರು ನಮ್ಮವರು, ಚಪ್ಪಲಿ ಬಿಚ್ಚುತ್ತಾ.

"ಸೋತರೆ?"

"ಸೋತರೆ ಬಾವುಟ ಮಡಚಿ ಇಡುವುದು. ನಾನು ಮನೆಯಲ್ಲಿ ಕೂತು ನಿನ್ನ ಮುಖ ನೋಡುವುದು."

ಅಂಬರನಾಥದ ಕೆಲಸಕ್ಕೆ ಆಗಲೇ ಬೇರೆಯವರು ಬಂದಾಗಿತ್ತು. ನಮ್ಮ ಮನೆಯ ಒಲೆ ಉರಿಯಬೇಕೋ ಬೇಡವೋ ಎಂದು ನಾನು ಹೆಸರೂ ಕೇಳದ ದೇಶಗಳು ತೀರ್ಮಾನ ಮಾಡಬೇಕು. ಅವರ ಕಾಲು ಹಿಡಿಯೋಣವೆಂದರೆ ಆ ಕಾಲುಗಳು ಎಲ್ಲಿವೆ ಎಂದೇ ಗೊತ್ತಿಲ್ಲ.

ಡಬ್ಬಿಗೂ ಲಕೋಟೆಗೂ ರಿಬ್ಬನ್ ಕಟ್ಟಲು ಆಫೀಸಿನಲ್ಲಿ ಜಾಗವಿಲ್ಲವೆಂದು ಶನಿವಾರ ಎಲ್ಲವನ್ನೂ ಮನೆಗೆ ತಂದರು. ಕಲ್ಯಾಣ್ ಲೋಕಲ್ ರೈಲಿನಲ್ಲಿ ಆ ಎರಡು ದೊಡ್ಡ ಚೀಲಗಳನ್ನು ಮೇಲಿನ ಹಲಗೆಯ ಮೇಲಿಟ್ಟು, ಎರಡೂ ಕೈ ಎತ್ತಿ ಹಿಡಿದುಕೊಂಡೇ ನಿಂತಿದ್ದರಂತೆ. ಭಾನುವಾರ ಬೆಳಿಗ್ಗೆ ಅವರು ಕ್ಷೌರಕ್ಕೆ ಹೋದರು. ನಾನು ರಿಬ್ಬನ್ ಕಟ್ಟಲು ಕೂತೆ. ಪಕ್ಕದ ಮನೆಯ ವಿಜಾಪುರದ ಅಕ್ಕ ಸಹಾಯಕ್ಕೆ ಬಂದಳು. ಬೆಳ್ಳಗೆ ಹಾಲಿನಂತಿದ್ದ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಯಕ್ಕಾ, ಹಿಂಗ ಬೋಳ ಕಾಗದ ಕಳಸ್ತಾರೇನ? ಯಾರೋ ಸತ್ತಾರ ಅಂತ ತಿಳ್ಕೋತಾರ ನೋಡ್."

"ಇದು ಸರಕಾರದ ಕಾಗದ ಮಾರಾಯ್ತಿ."

"ಸರಕಾರದ್ದಾದ್ರೇನ? ಬೇಡಾಕ ಹೊಂಟಿದ್ದು ಹೌದಿಲ್ಲೋ? ಶುಭ ಕೆಲಸಕ್ಕ ನಾಕು ಮೂಲಿಗೆ ಅರಿಸಿನ ಬ್ಯಾಡೇನ?"

ಮದುವೆಯ ಕಾಗದಕ್ಕೆ ಹಚ್ಚುತ್ತೇವಲ್ಲ, ಹಾಗೆ. ನನಗೂ ಸರಿಯೆನಿಸಿತು. ಇಷ್ಟು ದಿನ ಏನೂ ಮಾಡಲಾಗದೆ ಕೂತವಳಿಗೆ ಕೊನೆಗೂ ಮಾಡಲು ಒಂದು ಕೆಲಸ ಸಿಕ್ಕಿತ್ತು. ಬಟ್ಟಲಿನಲ್ಲಿ ಅರಿಸಿನ ಕಲಸಿದೆ. ಒಂದನ್ನೂ ಬಿಡದೆ ಎಲ್ಲ ಲಕೋಟೆಗಳ ನಾಲ್ಕೂ ಮೂಲೆಗೆ ಹಚ್ಚಿದೆ. ಮೊದಲನೆಯದನ್ನು ದೇವರ ಮುಂದೆ ಇಟ್ಟೆ. ಯಾವ ದೇಶದ್ದೋ ನೋಡಲಿಲ್ಲ, ದೇವರು ನೋಡಿಕೊಳ್ಳಲಿ ಎಂದು.

ನಮ್ಮವರು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲೇ ನಿಂತರು.

"ಎಂತ ಮಾಡಿದ್ದು ನೀನು?"

"ಒಳ್ಳೆಯದಾಗಲಿ ಅಂತ."

ಅವರು ಮಂಚದ ಮೇಲೆ ಕೂತುಬಿಟ್ಟರು. ಆ ಲಕೋಟೆಗಳು ಆ ದೇಶದಿಂದಲೇ ಹಡಗಿನಲ್ಲಿ ಬಂದವು, ಮುದ್ರೆ ಒತ್ತಿದವು, ಲೆಕ್ಕಕ್ಕೆ ಸರಿಯಾಗಿ ಇದ್ದವು, ಒಂದೂ ಹೆಚ್ಚಿಲ್ಲ. ನಾನು ಓಡಿಹೋಗಿ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒಂದರ ಮೂಲೆ ಒರೆಸಿದೆ. ಅರಿಸಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಅಡಿಗೆಮನೆಯಲ್ಲಿ ನಿತ್ಯ ನೋಡುವವಳಿಗೆ ಆ ಹೊತ್ತಿನಲ್ಲಿ ನೆನಪಾಗಬಾರದೇ. ಹಳದಿ ಇದ್ದದ್ದು ರಕ್ತದ ಹಾಗೆ ಕೆಂಪಾಯಿತು.

"ಬಿಡು," ಎಂದರು ನಮ್ಮವರು. "ಇನ್ನು ಮುಟ್ಟಬೇಡ. ಹಳದಿಯೇ ವಾಸಿ."

ಸೋಮವಾರ ಅವರು ಹೋದ ಮೇಲೆ ಅಕ್ಕಿ ತೊಳೆದು ಇಟ್ಟವಳು ಒಲೆ ಹಚ್ಚುವುದನ್ನೇ ಮರೆತು ಕೂತಿದ್ದೆ. ಸಂಜೆ ಬಂದು ಹೇಳಿದರು. ಸಾಹೇಬರು ಒಂದು ಲಕೋಟೆ ಎತ್ತಿಕೊಂಡು, "ಯೇ ಪೀಲಾ ಕ್ಯಾ ಹೈ?" ಎಂದು ಹಳದಿ ಮೂಲೆ ತೋರಿಸಿ ಕೇಳಿದರಂತೆ. ಇವರು, "ಸರ್, ಘರ್ ಮೇ ಪೂಜಾ ಕಿಯಾ," ಎಂದರಂತೆ. ಸಾಹೇಬರೂ ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುವವರೇ. ಸ್ವಲ್ಪ ಹೊತ್ತು ಮೂಸಿ ನೋಡಿ, "ಚಲೋ, ಅಚ್ಛಾ ಹೈ," ಎಂದು ಕಳಿಸಿಯೇ ಬಿಟ್ಟರಂತೆ. ಆ ಕೆಂಪು ಮೂಲೆಯದನ್ನೂ.

ಆಮೇಲೆ ಶುರುವಾಯಿತು ಕಾಯುವುದು. ದಿನಾ ಸಂಜೆ ಬಾಗಿಲು ತೆಗೆಯುವಾಗಲೇ ಕೇಳುತ್ತಿದ್ದೆ, "ಇವತ್ತು ಯಾರು?" ಕ್ರಿಕೆಟ್ಟಿನ ಸ್ಕೋರು ಕೇಳುವ ಹಾಗೆ.

"ಒಬ್ಬರು ಹೌದು ಅಂದ್ರು. ಇನ್ನೊಬ್ಬರು ಮೇಲೆ ಕೇಳಿ ಹೇಳ್ತೇವೆ ಅಂದ್ರು."

"ಮೇಲೆ ಅಂದ್ರೆ?"

"ಅವರ ರಾಜಧಾನಿಯಲ್ಲಿ. ಇಲ್ಲಿ ಇರುವವರ ಕೈಯಲ್ಲಿ ಎಂತದೂ ಇಲ್ಲ, ನಮ್ಮ ಹಾಗೇ."

ವಿಜಾಪುರದ ಅಕ್ಕನ ಮಗಳ ಶಾಲೆಯ ಭೂಪಟ ಕೇಳಿ ತಂದು, ಹೌದು ಅಂದವರನ್ನು ಹುಡುಕುತ್ತಿದ್ದೆ. ಕೆಲವು ದೇಶಗಳು ಸಾಸಿವೆ ಕಾಳಿನಷ್ಟು. ಅವುಗಳ ಮೇಲೆ ಬೆರಳಿಟ್ಟು, ಮನಸ್ಸು ಬದಲಾಯಿಸಬೇಡ ಮಾರಾಯ ಎನ್ನುತ್ತಿದ್ದೆ. ಯುರೋಪಿನ ಆ ಊರು ಯಾವ ದೇವರ ವ್ಯಾಪ್ತಿಗೆ ಬರುತ್ತದೆಂದು ತಿಳಿಯದೆ ಎಲ್ಲರಿಗೂ ಕೈಮುಗಿದೆ. ಕೊನೆಕೊನೆಗೆ ಗೆಲ್ಲಲು ಬೇಕಾದ್ದಕ್ಕಿಂತ ಹೆಚ್ಚೇ ಹೌದುಗಳು ಬಂದಿದ್ದವು. ನಾನು ಒಂದು ದಿನ ಪಾಯಸವನ್ನೂ ಮಾಡಿದೆ.

ಮೂರು ಓಟಿನಿಂದ ಸೋತರು. ಯುರೋಪಿನಿಂದ ಟೆಲೆಕ್ಸ್ ಸಂದೇಶ ಬಂತಂತೆ. ಮಾರನೆಯ ದಿನ ಹೌದು ಅಂದವರೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಸಂತಾಪ ಹೇಳಿದರಂತೆ. ಪ್ರತಿಯೊಬ್ಬರೂ ನಾವಂತೂ ಕೊಟ್ಟಿದ್ದೇವೆ ಎಂದರಂತೆ. ಗುಟ್ಟಿನ ಓಟು, ಯಾರನ್ನು ಕೇಳುವುದು?

ಬಾವುಟವನ್ನು ಮಡಚಿದ್ದು ನಮ್ಮವರೇ. ಉಳಿದ ರಿಬ್ಬನ್ ಸುರುಳಿಯೊಂದನ್ನು ಮನೆಗೆ ತಂದು ನನ್ನ ಕೈಗೆ ಕೊಟ್ಟರು. ಅದಾಗಿ ಏಳು ತಿಂಗಳು ಮನೆಯಲ್ಲಿದ್ದರು. ಬೆಳಿಗ್ಗೆ ಗಾಡಿಯ ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಂಚದ ಮೇಲೆ ಕೂರುತ್ತಿದ್ದರು. ಬೆರಳುಗಳು ಮೊಣಕಾಲಿನ ಮೇಲೆ ತಮ್ಮಷ್ಟಕ್ಕೆ ಟೈಪ್ ಮಾಡುತ್ತಿದ್ದವು. ನಾನು ಅದನ್ನು ನೋಡದವಳ ಹಾಗೆ ಅಕ್ಕಿ ಆರಿಸುತ್ತಿದ್ದೆ. ಆಮೇಲೆ ಭಿವಂಡಿಯ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸ ಸಿಕ್ಕಿತು.

ಕೆಲಸ ಸಿಕ್ಕಿದ ವಾರ, ಅವರು ಊಟಕ್ಕೆ ಕೂತಾಗ, ಅಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. "ರೀ, ನನ್ನ ಅರಿಸಿನದಿಂದಲೇ ಸೋತದ್ದಾ?"

ಅವರು ಸಾರಿನ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ನೀನು ಮದುವೆ ಕಾಗದದ ಹಾಗೆ ಮಾಡಿ ಕಳಿಸಿದ್ದಿ," ಎಂದರು. "ಅವರೂ ಮದುವೆಗೆ ಕರೆದವರ ಹಾಗೇ ಮಾಡಿದ್ರು. ಬರ್ತೇವೆ ಅಂತ ಎಲ್ಲರೂ ಹೇಳಿದ್ರು. ಯಾರೆಲ್ಲ ಬರಲಿಲ್ಲ ಅಂತ ಈಗ ಹೋಗಿ ಕೇಳ್ಲಿಕ್ಕೆ ಆಗ್ತದಾ? ಮಜ್ಜಿಗೆ ಹಾಕು."