ಆ ತುದಿಗೆ ವಿಮಾನ ಬರುವುದಿಲ್ಲ

ಮೂರು ಚಳಿಗಾಲದ ಹಿಂದಿನ ಮಾತು. ವಿಮಾನ ಅಪಘಾತಗಳ ತನಿಖೆ ಮಾಡುವ ಹುದ್ದೆಯಲ್ಲಿದ್ದೆ. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ ಖಾಸಗಿ ಏರ್‌ಸ್ಟ್ರಿಪ್ ಒಂದಿತ್ತು. ತಿಂಗಳಿಗೊಂದು ವಿಮಾನ ಇಳಿದರೆ ಹೆಚ್ಚು. ಅಲ್ಲಿ ಬೆಳಗಿನ ಮಂಜಿನಲ್ಲಿ ಇಳಿದ ಪುಟ್ಟ ಜೆಟ್ ಒಂದು ರನ್‌ವೇ ದಾಟಿ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದ ಸುದ್ದಿ ಬಂತು.

"ನಿಮ್ಮ ಕಡೆಯಲ್ಲವೇ? ನೀವೇ ಹೋಗಿ," ಎಂದರು ಮೇಲಧಿಕಾರಿ.

ಕಡೆ ಏನು ಬಂತು, ಆ ಏರ್‌ಸ್ಟ್ರಿಪ್ಪಿನ ಬೇಲಿಗೆ ಅಂಟಿಕೊಂಡ ಊರೇ ನನ್ನ ತವರು. ಅದನ್ನೂ ಹೇಳಿದೆ. ಇನ್ನೂ ಒಳ್ಳೆಯದಾಯಿತು, ಜನ ನಿಮ್ಮೊಡನೆ ಮನಬಿಚ್ಚಿ ಮಾತಾಡುತ್ತಾರೆ ಎಂದರು. ನನಗೂ ಹಾಗೇ ಅನ್ನಿಸಿ ಒಳಗೊಳಗೇ ಬೀಗಿದೆ.

ವಿಮಾನದಲ್ಲಿದ್ದ ಮೂವರೂ ಬದುಕಿದ್ದರು. ಊರವರೇ ಓಡಿಬಂದು ಬಾಗಿಲು ಮುರಿದು ಹೊರಗೆಳೆದಿದ್ದರು. ಪೈಲಟ್ ಧಾರವಾಡದ ಕಡೆಯವರು, ಐವತ್ತು ದಾಟಿದ ಕ್ಯಾಪ್ಟನ್. ಬೆನ್ನಿಗೆ ಪೆಟ್ಟಾಗಿ ಶಿಕಾರಿಪುರದ ಆಸ್ಪತ್ರೆಯಲ್ಲಿ ಮಲಗಿದ್ದರು. ತಪ್ಪು ಅವರದೆಂದಾದರೆ ಲೈಸೆನ್ಸ್ ಹೋಗುತ್ತಿತ್ತು, ಆ ವಯಸ್ಸಿನಲ್ಲಿ ಮತ್ತೆ ಹಾರುವ ಮಾತಿಲ್ಲ.

"ಇಬ್ಬನಿಗೆ ರನ್‌ವೇ ತೊಯ್ದಿತ್ತು, ಸ್ವಲ್ಪ ಮುಂದಕ್ಕ ಇಳಿಸಿದೆ, ಒಪ್ಕೋತೀನ್ರೀ ಮೇಡಂ," ಎಂದರು. "ಆದ್ರೂ ನಿಲ್ಲಬೇಕಿತ್ತು. ಅರ್ಧ ದಾಟಿದ ಮ್ಯಾಲೆ ಚಕ್ರದ ಕೆಳಗ ನೆಲಾನೇ ಉರುಳಿದಂಗಾತು."

"ನೆಲ ಉರುಳುವುದಿಲ್ಲ, ಕ್ಯಾಪ್ಟನ್," ಎಂದೆ.

ವಿಮಾನ ನಿಲ್ಲಬೇಕಾದಲ್ಲಿ ನಿಲ್ಲದೆ ರನ್‌ವೇ ಮುಗಿದ ಮೇಲೂ ಓಡಿದರೆ ನಮ್ಮಲ್ಲಿ 'ಓವರ್‌ರನ್' ಎನ್ನುತ್ತೇವೆ. ಚಳಿಗಾಲದಲ್ಲಿ ಇಂಥವು ಎಷ್ಟೋ ನೋಡಿದ್ದೆ. ಮಂಜಿನಲ್ಲಿ ತಡವಾಗಿ ನೆಲ ಮುಟ್ಟುವುದು, ಒದ್ದೆಯಲ್ಲಿ ಬ್ರೇಕ್ ಹಿಡಿಯದಿರುವುದು, ಆಮೇಲೆ ನೆವ ಹುಡುಕುವುದು. ಈ ಜೆಟ್ಟಿನ ಚಕ್ರಗಳಲ್ಲಿ ಜೋಳದ ಕಾಳು ಸಿಕ್ಕಿಕೊಂಡಿತ್ತು. ಜೋಳದ ಹೊಲಕ್ಕೆ ನುಗ್ಗಿದ ವಿಮಾನದಲ್ಲಿ ಜೋಳವಿರದೆ ರಾಗಿ ಇರುತ್ತದೆಯೇ? ಅದನ್ನು ಅಲ್ಲಿಗೇ ಬಿಟ್ಟೆ.

ಸಂಜೆ ಶಾಲೆಯ ಅಂಗಳದಲ್ಲಿ ಊರವರ ಹೇಳಿಕೆ ಪಡೆದೆ. "ರನ್‌ವೇ ಮೇಲೆ ಏನೂ ಇರಲಿಲ್ಲ ತಾನೇ?" ಎಂದು ಕೇಳಿದೆ. ಮುಂದೆ ಕುಳಿತಿದ್ದ ನನ್ನಣ್ಣ, "ಏನೂ ಇರ್ಲಿಲ್ಲವ್ವಾ," ಎಂದ. ಏರ್‌ಸ್ಟ್ರಿಪ್ಪಿನ ವಾಚ್‌ಮನ್ ಸೇರಿ ಎಲ್ಲರೂ ತಲೆಯಾಡಿಸಿದರು.

ಮರುದಿನ ಕ್ಯಾಪ್ಟನ್‌ಗೆ ಮುಖಕ್ಕೆ ಹೊಡೆದಂತೆ ಹೇಳಿದೆ: "ನಮ್ಮೂರ ಜನ ಸುಳ್ಳು ಹೇಳುವವರಲ್ಲ." ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಅಲ್ಲಿಂದ ಅಣ್ಣನ ಮನೆಗೆ ಊಟಕ್ಕೆ ಹೋದೆ. ಅಂಗಳದ ತುಂಬ ಜೋಳ ಹರವಿತ್ತು, ಕಾಲಿಡಲು ಜಾಗವಿಲ್ಲ. ಅತ್ತಿಗೆ ರೊಟ್ಟಿ ಬಡಿಸುತ್ತ ಗೊಣಗಿದಳು: "ಇಲ್ಲಿ ಹಾಕಿದ್ರೆ ವಾರ ಹಿಡಿತೈತಿ ನೋಡವ್ವಾ. ರನ್‌ವೇ ಮ್ಯಾಲೆ ಎರಡೇ ಬಿಸಿಲಿಗೆ ಒಣಗ್ತಿತ್ತು. ಈಗ ಪೊಲೀಸ್ರು ಒಳಗೇ ಬಿಡಂಗಿಲ್ಲ."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಬಾಯಿ ಮುಚ್ಚೇ!" ಎಂದ. ನಾನು ತಟ್ಟೆ ಸರಿಸಿ ಅವನ ಕಡೆ ತಿರುಗಿದೆ.

ಆಮೇಲೆ ಎಲ್ಲ ಹೊರಬಂತು. ವಿಮಾನ ಬರುವ ಸುದ್ದಿಯನ್ನು ವಾಚ್‌ಮನ್ ಮುಂಚೆಯೇ ಮುಟ್ಟಿಸುತ್ತಿದ್ದ. ಊರವರು ವಿಮಾನ ಇಳಿಯುವ ಬದಿಯ ಅರ್ಧ ರನ್‌ವೇಯನ್ನು ಚೊಕ್ಕವಾಗಿ ಗುಡಿಸಿಕೊಡುತ್ತಿದ್ದರು. ಉಳಿದರ್ಧದ ಜೋಳ ಇದ್ದಲ್ಲೇ ಇರುತ್ತಿತ್ತು.

"ಆ ತುದಿಗೆ ವಿಮಾನ ಬರೋದೇ ಇಲ್ಲಲ್ಲವ್ವಾ!" ಎಂದ ಅಣ್ಣ. "ಇಷ್ಟು ವರ್ಷದಾಗೆ ಒಂದೂ ಬಂದಿಲ್ಲ. ನಡುವಿಗೇ ನಿಂತು ತಿರುಗ್ತಾವೆ."

ಒಣ ರನ್‌ವೇಯಲ್ಲಿ ಅದು ನಿಜವೇ. ಒದ್ದೆಯಾದ ದಿನ ಪೈಲಟ್‌ಗೆ ಆ ತುದಿಯೂ ಬೇಕಾಗುತ್ತದೆ. ಗಾಯಾಳುಗಳನ್ನು ಆಂಬುಲೆನ್ಸ್ ಹತ್ತಿಸಿದ ಮೇಲೆ, ಪೊಲೀಸರು ಬರುವ ಮುಂಚೆ, ಇಡೀ ಊರು ಪೊರಕೆ ಹಿಡಿದಿತ್ತು.

"ನಾನು ಕೇಳಿದೆನಲ್ಲ! ಯಾಕೆ ಹೇಳಲಿಲ್ಲ?" ಎಂದು ಕೂಗಾಡಿದೆ.

"ನೀ ಕೇಳಿದ್ದಾ? ಏನೂ ಇರ್ಲಿಲ್ಲ ತಾನೇ ಅಂದಿ. ನಿನಗೂ ಅದೇ ಬೇಕಾಗೈತಿ ಅಂದ್ಕಂಡ್ವಿ. ಮನೆ ಮಗಳು ನಮ್ಮನ್ನ ಕಾಯ್ತಾಳೆ ಅಂತ ಊರೆಲ್ಲ ಹೇಳ್ಕಂಡು ಬಂದೀನಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಸುಳ್ಳಿಗೆ ಬಂದ ಸಿಟ್ಟು ಅಲ್ಲೇ ಇಳಿಯಿತು, ನಾಚಿಕೆ ಇಳಿಯಲಿಲ್ಲ. ಸುಳ್ಳನ್ನು ನಾನೇ ಕಲಸಿ, ತುತ್ತು ಮಾಡಿ ಅವರ ಬಾಯಿಗಿಟ್ಟಿದ್ದೆ.

"ಏಳು, ಆಸ್ಪತ್ರೆಗೆ ಹೋಗೋಣ," ಎಂದೆ. ಅಣ್ಣ ಬರಲೊಲ್ಲ. ನಾನು ಬಿಡಲಿಲ್ಲ. ಕಾರು ಹತ್ತಿಸಿಕೊಂಡು ಹೊರಟೆ.

"ನೆಲ ಉರುಳಿತ್ತು, ಕ್ಯಾಪ್ಟನ್. ನೀವು ಹೇಳಿದ್ದೇ ನಿಜ," ಎಂದೆ. ಅವರ ಕಣ್ಣು ನನ್ನ ಮೇಲಿರಲಿಲ್ಲ, ಬಾಗಿಲಲ್ಲಿ ನಿಂತ ಅಣ್ಣನ ಮೇಲಿತ್ತು. "ಇವರೇ ಅಲ್ಲೇನ್ರೀ ನನ್ನನ್ನ ಹೆಗಲ ಮ್ಯಾಲೆ ಹೊತ್ಕೊಂಡು ಓಡಿದವ್ರು?" ಎನ್ನುತ್ತ ಮಲಗಿದ್ದಲ್ಲೇ ಎರಡೂ ಕೈ ಎತ್ತಿ ಮುಗಿದರು.

ಅಣ್ಣ ತಡೆಯಲಾರದೆ ಅತ್ತುಬಿಟ್ಟ. "ಕೈ ಮುಗೀಬ್ಯಾಡ್ರೀ ಸ್ವಾಮಿ. ಜೋಳ ನಂದು."

ಆ ಕೇಸನ್ನು ಬೇರೆ ಅಧಿಕಾರಿಗೆ ಒಪ್ಪಿಸಿದೆ. ನನ್ನ ತಪ್ಪನ್ನೂ ಬರೆದುಕೊಟ್ಟೆ. ಕ್ಯಾಪ್ಟನ್ ಲೈಸೆನ್ಸ್ ಉಳಿಯಿತು, ವಾಚ್‌ಮನ್ ಕೆಲಸ ಹೋಯಿತು. ಉಳಿದ ಒಂದು ವರ್ಷದ ನೌಕರಿಯಲ್ಲಿ ನಾನು ಯಾರನ್ನೂ "ಏನೂ ಇರಲಿಲ್ಲ ತಾನೇ" ಎಂದು ಕೇಳಲಿಲ್ಲ. "ಏನಿತ್ತು?" ಎಂದಷ್ಟೇ ಕೇಳಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಊರಿಗೆ ಹೋದರೆ ಈಗಲೂ "ಬಾರವ್ವಾ" ಎಂದು ಕರೆಯುತ್ತಾರೆ. ಅವರು ನನ್ನ ಮುಖ ನೋಡುವುದಿಲ್ಲ, ನಾನು ಅವರದನ್ನು ನೋಡಲಾರೆ.