ಆಚೆ ದಡದ ಟವೆಲು

ಶರಣಪ್ಪ ಸರ್ ಬಸ್ಸಿನಲ್ಲಿ ಕುಳಿತದ್ದನ್ನು ನಾನು ನೋಡಿಯೇ ಇಲ್ಲ. ಸೀಟು ಖಾಲಿ ಇದ್ದರೂ ಡ್ರೈವರನ ಪಕ್ಕದ ಸರಳು ಹಿಡಿದು ನಿಲ್ಲುವರು. "ಕುಂತಾಂವಗ ಸುದ್ದಿ ಸಿಗಂಗಿಲ್ಲಲೇ. ಇಡೀ ತಾಲೂಕು ಡ್ರೈವರನ ಬಾಯಾಗ ಇರ್ತೈತಿ" ಎನ್ನುವರು.

ಎಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನ ನಮ್ಮ ಕಾಲೇಜಿಗೆ ಪತ್ರಿಕೋದ್ಯಮ ಎಂಬ ಹೊಸ ವಿಷಯ ಬಂದಾಗ ಅದನ್ನು ಕಲಿಸಲು ಸಿಕ್ಕವರು ಅವರೊಬ್ಬರೇ. ಅವರು ಓದಿದ್ದು ಇತಿಹಾಸ. ಊರ ಸುದ್ದಿ ಬರೆದು, ಕವರಿಗೆ ಹಾಕಿ, ರಾಯಚೂರು ಬಸ್ಸಿನ ಡ್ರೈವರನ ಕೈಗೆ ಕೊಟ್ಟು ಪತ್ರಿಕೆಗೆ ಮುಟ್ಟಿಸುವುದು ಅವರ ಹಳೆಯ ಹುಚ್ಚು. ನಮ್ಮನ್ನು ಹೆಸರಿನಿಂದಲ್ಲ, ಊರಿನಿಂದ ಕರೆಯುತ್ತಿದ್ದರು. ನಾನು ಸಾಲಗುಂದ. ನನ್ನ ಗೆಳೆಯ ಮುಕ್ಕುಂದ.

"ಏ ಮುಕ್ಕುಂದ, ನಿಮ್ಮೂರ ಭತ್ತಕ್ಕ ರೋಗ ಬಿದ್ದೈತಿ ಅಂತ ಬರ್ದೀಯಲ್ಲ, ಯಾರನ್ನ ಕೇಳ್ದಿ?"

"ನಮ್ಮಪ್ಪನ್ನ ಕೇಳೀನ್ರಿ."

"ನಿಮ್ಮಪ್ಪ ಒಬ್ಬಾಂವನ ಊರೇನಲೇ? ಇನ್ನಿಬ್ಬರನ್ನ ಕೇಳ್ಕೊಂಡು ಬಾ. ಅದರಾಗ ಒಬ್ಬಾಂವ ನಿಮ್ಮಪ್ಪಗ ಆಗದಾಂವ ಇರ್ಬೇಕು."

ಮೂವರನ್ನು ಕೇಳದೆ ಬರೆಯಬಾರದು. ಅವರ ಪಾಠವೆಲ್ಲ ಇಷ್ಟೇ ಎಂದು ನಾವು ನಗುತ್ತಿದ್ದೆವು.

ನಾನು ಕೊನೆಯ ವರ್ಷದಲ್ಲಿದ್ದಾಗ, ಈ ವಿಷಯವನ್ನು ಮುಂದುವರಿಸಬಹುದೇ ಎಂದು ಪರಿಶೀಲಿಸಲು ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರ್ ಬರುವರೆಂದು ತಿಳಿಯಿತು. ಅವರು ಒಪ್ಪದಿದ್ದರೆ ವಿಷಯ ಮುಚ್ಚುತ್ತದೆ, ಸರ್ ಮನೆಗೆ ಹೋಗುತ್ತಾರೆ. ಸರ್ ತಾವೇ ಕೋಣೆಗೆ ಸುಣ್ಣ ಬಳಿದರು. ಕೋರ್ಟಿನ ಮುಂದಿನ ಟೈಪಿಸ್ಟನನ್ನು ಕಾಡಿ ಬೇಡಿ ಅವನ ಟೈಪ್‌ರೈಟರನ್ನು ಒಂದು ದಿನದ ಮಟ್ಟಿಗೆ ಹೊತ್ತು ತಂದರು.

ಪ್ರೊಫೆಸರ್ ಲಿಂಗಸುಗೂರಿನವರೆಗೆ ಬಸ್ಸಿನಲ್ಲಿ ಬಂದಿದ್ದರು. ಊರಿನ ಬಾಡಿಗೆ ಗಾಡಿಯ ಖಾಜಾನ ಜೀಪು ಮಾಡಿಕೊಂಡು ಸರ್ ಮತ್ತು ನಾನು ಕರೆತರಲು ಹೋಗಿದ್ದೆವು. ವಾಪಸು ಬರುವಾಗ ಮಸ್ಕಿಯ ಈಚೆ ಹಳ್ಳ ತುಂಬಿತ್ತು. ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಖಾಜಾ ಜೀಪು ನಿಲ್ಲಿಸಿದ.

ಸರ್ ಇಳಿದು, ದಡದಲ್ಲಿದ್ದ ಕುರಿಯವನನ್ನು ಕೇಳಿದರು. "ಇಳೀಬ್ಯಾಡ್ರಿ ಯಪ್ಪಾ, ನೀರು ಏರಾಕತ್ತೈತಿ" ಅಂದ. ಸೈಕಲ್ ಹಿಡಿದು ನಿಂತವನು, "ಈಗರ ಒಂದ್ ಲಾರಿ ದಾಟಿ ಹೋತು ನೋಡ್ರಿ" ಅಂದ.

ಪ್ರೊಫೆಸರ್ ಗಡಿಯಾರ ನೋಡಿಕೊಂಡರು. "ನೋಡಿ, ನಾನು ಸಂಜೆ ಹಿಂತಿರುಗಬೇಕು. ಇವತ್ತು ಆಗದಿದ್ದರೆ ಪರಿಶೀಲನೆ ಆಗಲಿಲ್ಲ ಎಂದೇ ಬರೆಯಬೇಕಾಗುತ್ತದೆ."

ಸರ್ ಆಚೆ ದಡ ನೋಡಿದರು. ಅಲ್ಲೊಬ್ಬ ತಲೆಯ ಮೇಲೆ ಟವೆಲು ಎತ್ತಿ ಬೀಸುತ್ತಿದ್ದ.

"ಅಗೋ, ಬನ್ನಿ ಅಂತ ಕರೀತಿದ್ದಾನಲ್ಲ" ಎಂದರು ಪ್ರೊಫೆಸರ್.

ಸರ್ ಸ್ವಲ್ಪ ಹೊತ್ತು ಆ ಟವೆಲನ್ನೇ ನೋಡಿದರು. ಆಮೇಲೆ ಜೀಪು ಹತ್ತಿ, "ನಡಿ ಖಾಜಾ" ಅಂದರು.

ನಟ್ಟ ನಡುವೆ ಎಂಜಿನ್ ನಿಂತಿತು. ನೀರು ಬಾಗಿಲಿಲ್ಲದ ಜೀಪಿನೊಳಗೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳುತ್ತಿತ್ತು. ಹಿಂದಿನ ಗಾಲಿ ಜಾರಿ ಸೇತುವೆಯ ಅಂಚಿಗೆ ಬಂತು. ಪ್ರೊಫೆಸರರ ಕಾಲು ತೇಲಿತು. ಸರ್ ಒಂದು ಕೈಯಲ್ಲಿ ಅವರ ಬೆಲ್ಟು, ಇನ್ನೊಂದರಲ್ಲಿ ಜೀಪಿನ ಕಂಬಿ ಹಿಡಿದಿದ್ದರು. "ಸಾಲಗುಂದ, ಅವರ ತೋಳು ಹಿಡಿಯಲೇ!" ಎಂದು ಕೂಗಿದರು. ನನ್ನ ಬೆರಳುಗಳು ಕಂಬಿಯನ್ನು ಬಿಡಲಿಲ್ಲ. ಬಿಡು ಎಂದು ನಾನು ಹೇಳುತ್ತಿದ್ದೆ, ಅವು ಕೇಳಲಿಲ್ಲ. ಆಚೆ ದಡದವನು ಇನ್ನೂ ಟವೆಲು ಬೀಸುತ್ತಿದ್ದ. ಗಾಳಿ ತಿರುಗಿದಾಗ ಅವನ ದನಿ ಕೇಳಿಸಿತು: "ಬರಬ್ಯಾಡ್ರೋ! ಬರಬ್ಯಾಡ್ರೋ!"

ಆಗಲೇ ದಾಟಿ ಆಚೆ ದಡದಲ್ಲಿ ನಿಂತಿದ್ದ ಲಾರಿಯವರು ಹಗ್ಗ ಎಸೆದು ನಮ್ಮನ್ನೆಲ್ಲ ಎಳೆದುಕೊಂಡರು. ಎಲ್ಲರೂ ಉಳಿದೆವು.

ಅದೇ ಲಾರಿಯಲ್ಲಿ ಕಾಲೇಜು ಮುಟ್ಟಿದ ಮೇಲೆ ಒದ್ದೆ ಬಟ್ಟೆಯಲ್ಲೇ ಪರಿಶೀಲನೆ ನಡೆಯಿತು. ವಿದ್ಯಾರ್ಥಿಗಳು ಬರೆದ ಒಂದು ಸುದ್ದಿ ಬೇಕು ಎಂದರು ಪ್ರೊಫೆಸರ್. ಸರ್ ನನ್ನ ಕಡೆ ತಿರುಗಿ, "ಇವತ್ತು ಹಳ್ಳದಾಗ ಆಗಿದ್ದನ್ನ ಬರಿ" ಅಂದರು. ಬರೆದೆ. ಪ್ರೊಫೆಸರ್ ಅವಸರಪಡಿಸಿದರು ಎಂಬ ಸಾಲನ್ನು ಸರ್ ಹೊಡೆದು ಹಾಕಿದರು.

"ಖರೇನ ಐತಲ್ರಿ ಸರ್, ಖಾಜಾನೂ ಕೇಳ್ಯಾನ."

"ಅವರು ಅವಸರ ಮಾಡಿದ್ದು ಖರೆ. ನಡಿ ಅಂದಾಂವ ಯಾರು? ಅದನ್ನ ಬರಿ."

'ಉಪನ್ಯಾಸಕರ ಸೂಚನೆಯಂತೆ ಜೀಪು ಹಳ್ಳಕ್ಕೆ ಇಳಿಯಿತು' ಎಂದು ಬರೆದೆ. ಪ್ರೊಫೆಸರ್ ಅದನ್ನು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು.

ಕೆಲವು ವಾರಗಳ ನಂತರ ಪ್ರಿನ್ಸಿಪಾಲರು ವರದಿ ಓದಿ ಹೇಳಿದರು. ಉಪಕರಣಗಳಿಲ್ಲ, ಉಪನ್ಯಾಸಕರಿಗೆ ಈ ವಿಷಯದ ಪದವಿ ಇಲ್ಲ, ವಿದ್ಯಾರ್ಥಿಯನ್ನು ಅಪಾಯಕ್ಕೆ ಒಯ್ದದ್ದು ಲಿಖಿತವಾಗಿಯೇ ಇದೆ, ಕೋರ್ಸು ಮುಂದುವರಿಸುವುದು ಬೇಡ. ಸರ್ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ಸುದ್ದಿ ಚೊಲೋ ಬರ್ದಿದ್ದಿ. ಒಂದೂ ಸುಳ್ಳಿಲ್ಲ ಅದರಾಗ. ಮೂರನೇದಾಂವನ್ನ ನಾ ಕೇಳಲಿಲ್ಲಪಾ, ಬರೇ ನೋಡ್ದೆ." ಆ ವರ್ಷದ ಕೊನೆಗೆ ಅವರು ಊರು ಬಿಟ್ಟರು.

ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಸಿಕ್ಕರು. ಮೋಡ ಕವಿದಿತ್ತು. ನಾನು ಹತ್ತಿದ ಸಿಂಧನೂರು ಬಸ್ಸಿನಲ್ಲೇ ಡ್ರೈವರನ ಪಕ್ಕ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು.

"ಮಸ್ಕಿ ಹಳ್ಳ ಹೆಂಗೈತ್ರಿ?" ಎಂದು ಡ್ರೈವರನನ್ನು ಕೇಳಿದರು.

"ಸೇತುವೆ ಎತ್ತರ ಮಾಡ್ಯಾರಲ್ರಿ ಯಜಮಾನ್ರ, ಯಾಕ ಅಂಜ್ತೀರಿ?"

ಕಂಡಕ್ಟರನೂ ನಕ್ಕ. "ಕೆಳಗ ನೀರ ಇಲ್ರಿ."

ಸರ್ ನನ್ನ ಕಡೆ ತಿರುಗಿದರು. "ಸಾಲಗುಂದ, ನೀ ಹೇಳಪಾ. ಹೋಗೂಣೇನು?"

ಹೋಗೋಣ ಅನ್ನಬೇಕಿತ್ತು. ನನ್ನ ಕೈ ಆಗಲೇ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಅವರು ಆ ಕೈಯನ್ನು ನೋಡಿದರು.

"ಆತು ಬಿಡು. ಹಿಂದ ಇನ್ನೊಂದು ಬಸ್ ಐತಿ" ಎಂದು ಇಳಿದುಬಿಟ್ಟರು.

ಬಸ್ಸು ತಿರುಗುವಾಗ ಕಿಟಕಿಯಿಂದ ಕಂಡರು. ಮಸ್ಕಿ ಕಡೆಯಿಂದ ಆಗತಾನೇ ಬಂದು ನಿಂತ ಬಸ್ಸಿನ ಡ್ರೈವರನನ್ನು ಕತ್ತೆತ್ತಿ ಏನೋ ಕೇಳುತ್ತಿದ್ದರು. ಅದೇ ಕೊನೆ.

ಹಳ್ಳದಲ್ಲಿ ಅಂದು ಪಾದ ನೆನೆಯುವಷ್ಟೂ ನೀರಿರಲಿಲ್ಲ. ದಾಟುವವರೆಗೂ ನಾನು ನಿಂತೇ ಇದ್ದೆ, ಆಚೆ ದಡದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತ.