ಪಕ್ಕದೂರಿನ ಮತ ಹಂಚುವುದೇ ನ್ಯಾಯ

ಕಳೆದ ಶನಿವಾರ ನಾನು ಸೋತೆ. ಯಾರೂ ಮೋಸ ಮಾಡಲಿಲ್ಲ. ನಾನೇ ಕರೆದ ಸಭೆಯಲ್ಲಿ, ನಾನೇ ಎತ್ತಿ ಹಿಡಿದ ನಿಯಮದ ಪ್ರಕಾರ ಸೋತೆ. (ಇಷ್ಟು ಅಚ್ಚುಕಟ್ಟಾಗಿ ಸೋಲುವುದಕ್ಕೂ ಪ್ರತಿಭೆ ಬೇಕು.)

ಸಿಯಾಟಲ್ ಸುತ್ತಮುತ್ತಲಿನವರದು ಒಂದು ಪುಟ್ಟ ಕನ್ನಡ ಬಳಗ ಇದೆ. ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ. ಎಲ್ಲರನ್ನೂ ಒಂದು ಕಡೆ ಸೇರಿಸಿ ಕೈ ಎತ್ತಿಸಿದರೆ ಮುಗಿಯುವ ಕೆಲಸ. ಆದರೆ ವೀಕೆಂಡ್ ಟ್ರಾಫಿಕ್‌ನಲ್ಲಿ ಯಾರು ಬರುತ್ತಾರೆ? ಅದಕ್ಕೇ ಅಮೆರಿಕದ ಪದ್ಧತಿಯನ್ನೇ ಇಳಿಸಿಕೊಂಡಿದ್ದೇವೆ. ಸಮಾಮಿಶ್‌ಗೆ ಹತ್ತು ಮತ, ಬಾಥೆಲ್‌ಗೆ ಆರು, ರೆಂಟನ್‌ಗೆ ಐದು. ಆಯಾ ಊರಿನವರು ತಮ್ಮಲ್ಲೇ ಸಭೆ ಸೇರಿ ಮನೆಗೊಂದು ಕೈ ಎತ್ತುತ್ತಾರೆ. ಒಂದೇ ಒಂದು ಕೈ ಹೆಚ್ಚು ಬಂದರೂ ಸಾಕು, ಆ ಊರಿನ ಮತವೆಲ್ಲ ಇಡಿಯಾಗಿ ಗೆದ್ದವರಿಗೆ.

ಕಳೆದ ವರ್ಷ ನನ್ನ ಪಕ್ಕದ ಮನೆಯ ಪ್ರಸನ್ನ ನಿಂತಿದ್ದ. ಮೈಸೂರಿನವನು, ನನ್ನ ಸ್ನೇಹಿತ. ಬಾಥೆಲ್‌ನಲ್ಲಿ ಒಂದು ಮನೆಯ ಕೈ ಕಡಿಮೆಯಾಗಿ ಆರಕ್ಕೆ ಆರೂ ಹೋಯಿತು, ಪ್ರಸನ್ನ ಸೋತ. ನಾನು ಗುಡುಗಿದೆ. ‘ಸೋತ ಕಡೆಯ ಮನೆಯವರೇನು ಮನುಷ್ಯರಲ್ಲವೇ?’ ಎಂದು ಇದೇ ಅಂಕಣದಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. (ನೆನಪಿಲ್ಲದಿದ್ದರೆ ಒಳ್ಳೆಯದು, ಹುಡುಕಬೇಡಿ.) ಬಾಥೆಲ್‌ನವರು ಸಂಕೋಚದ ಜನ. ಇನ್ನು ಮುಂದೆ ತಮ್ಮ ಆರು ಮತಗಳನ್ನು ಕೈಗಳ ಲೆಕ್ಕದಲ್ಲಿ ಹಂಚುತ್ತೇವೆ ಎಂದು ಒಪ್ಪಿಕೊಂಡರು. ಬಳಗದವರು ನ್ಯಾಯಪರನೆಂದು ನನ್ನನ್ನು ನಿಯಮ ಸಮಿತಿಗೆ ಮುಖ್ಯಸ್ಥನನ್ನಾಗಿ ಮಾಡಿದರು.

ಈ ವರ್ಷ ಪ್ರಸನ್ನನ ಎದುರು ನಿಂತವರು ಗಿರಿಜಕ್ಕ. ಬಾಗಲಕೋಟೆಯವರು, ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಬಳಗದ ದೊಡ್ಡ ಪಾತ್ರೆಗಳು ಎಂಟು ವರ್ಷದಿಂದ ಅವರ ಗ್ಯಾರೇಜಿನಲ್ಲಿವೆ. ಪ್ರತಿ ಕಾರ್ಯಕ್ರಮಕ್ಕೂ ತರುವವರು, ತೊಳೆಯುವವರು, ಹೊತ್ತೊಯ್ಯುವವರು ಅವರೇ. ಆದರೆ ರಾಜ್ಯೋತ್ಸವದ ಊಟಕ್ಕೆ ಏನು ಎಂದು ತೀರ್ಮಾನಿಸುವುದು ಅಧ್ಯಕ್ಷರು. ಎಂಟು ವರ್ಷವೂ ಬಿಸಿಬೇಳೆಬಾತ್. ಎಂಟು ವರ್ಷವೂ ಅದರ ತಳ ಉಜ್ಜಿದವರು ಗಿರಿಜಕ್ಕ.

‘ಒಂದ ವರ್ಷ ರೊಟ್ಟಿ, ಎಣ್ಣೆಗಾಯಿ ಮಾಡಿ ಎಲ್ಲಾರಿಗೂ ಉಣ್ಣಾಕ ಹಾಕಬೇಕಂತ ಆಸೆ ಐತ್ರಿ. ಅಷ್ಟ’ ಎಂದು ಅವರು ನನಗೇ ಹೇಳಿದ್ದರು.

ಬಾಥೆಲ್ ಮೂರು ಮೂರಾಗಿ ಹಂಚಿಹೋಯಿತು. ರೆಂಟನ್‌ನ ಐದೂ ಗಿರಿಜಕ್ಕನಿಗೆ. ಉಳಿದದ್ದು ನಮ್ಮ ಸಮಾಮಿಶ್‌ನ ಹತ್ತು. ಇಲ್ಲಿ ಮೈಸೂರು-ಬೆಂಗಳೂರಿನವರದು ಇಪ್ಪತ್ತೈದು ಮನೆ, ಉತ್ತರ ಕರ್ನಾಟಕದವರದು ಹದಿನಾಲ್ಕು. ಹಂಚಿದರೆ ನಾಲ್ಕು ಮತ ಸಿಕ್ಕಿ ಗಿರಿಜಕ್ಕ ಗೆಲ್ಲುತ್ತಾರೆ, ಇಡಿಯಾಗಿ ಹೋದರೆ ಪ್ರಸನ್ನ.

ಗಿರಿಜಕ್ಕ ಫೋನ್ ಮಾಡಿದರು. ‘ಅಣ್ಣಾರ, ಬಾಥೆಲ್‌ನವರು ಹಂಚಿದಂಗ ನೀವೂ ಹಂಚ್ರಲ್ಲ?’

‘ಹಾಗಲ್ಲ ಗಿರಿಜಕ್ಕ, ಒಂದು ಊರು ಅಂದ್ಮೇಲೆ ಒಂದೇ ಧ್ವನಿ ಇರ್ಬೇಕು’ ಎಂದೆ.

‘ಆತು ಬಿಡ್ರಿ’ ಎಂದು ಫೋನ್ ಇಟ್ಟರು. ನನಗೆ ನಾಚಿಕೆಯಾಯಿತು. ಹೆಚ್ಚು ಹೊತ್ತು ಅಲ್ಲ, ಕಾಫಿ ಮುಗಿಯುವವರೆಗೆ.

ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ನಿಧಿ ತಲೆ ಎತ್ತಲಿಲ್ಲ. ‘ಅಪ್ಪ, ಯು ಆರ್ ಡೂಯಿಂಗ್ ಎ ನೆಬ್ರಾಸ್ಕಾ’ ಎಂದಳು.

ಏನದು ನೆಬ್ರಾಸ್ಕಾ? ಇಲ್ಲಿ ರಾಷ್ಟ್ರಾಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ರಾಜ್ಯಕ್ಕಿಷ್ಟು ಎಂದು ಮತಗಳಿವೆ, ಹೆಚ್ಚು ಕಡಿಮೆ ಎಲ್ಲ ಕಡೆಯೂ ಗೆದ್ದವರಿಗೇ ಪೂರ್ತಿ. ಹಂಚುವ ರಾಜ್ಯಗಳು ಎರಡೇ, ಮೇನ್ ಮತ್ತು ನೆಬ್ರಾಸ್ಕಾ. ನೆಬ್ರಾಸ್ಕಾದಲ್ಲಿ ಒಂದು ಮತ ಆಗಾಗ ಎದುರು ಪಕ್ಷಕ್ಕೆ ಜಾರುತ್ತದೆ. ಅಲ್ಲಿ ಆಳುವವರಿಗೆ ಹಂಚಿಕೆ ಸಾಕಾಯಿತು, ನಿಲ್ಲಿಸೋಣ ಎಂದರು. ತಕ್ಷಣ ಮೇನ್‌ನಲ್ಲಿ ಆಳುವ ಇನ್ನೊಂದು ಪಕ್ಷದವರು, ನೀವು ನಿಲ್ಲಿಸಿದರೆ ನಾವೂ ನಿಲ್ಲಿಸುತ್ತೇವೆ ಎಂದರು. ತಮಾಷೆ ಕೇಳಿ. ನೆಬ್ರಾಸ್ಕಾದಲ್ಲಿ ಹಂಚಬೇಡಿ ಎನ್ನುವ ಪಕ್ಷದವರೇ, ತಾವು ಸೋಲುವ ದೊಡ್ಡ ರಾಜ್ಯಗಳಲ್ಲಿ ಹಂಚಿ ಎಂದು ಮಸೂದೆ ತಂದದ್ದೂ ಇದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಟಿವಿ ಮುಂದೆ ಕೂತು ನಾನು ಇವರನ್ನೆಲ್ಲ ಎಷ್ಟು ಬೈದಿದ್ದೇನೆ ಎಂಬುದಕ್ಕೆ ನಿಧಿಯೇ ಸಾಕ್ಷಿ.

‘ಅದು ಬೇರೆ, ಇದು ಬೇರೆ’ ಎಂದೆ. ಅಪ್ಪಂದಿರು ಇನ್ನೇನು ಹೇಳಲು ಸಾಧ್ಯ?

ಸಭೆಯ ದಿನ ಗೊತ್ತು ಮಾಡುವಾಗ ಅಡುಗೆಮನೆಯ ಕ್ಯಾಲೆಂಡರ್ ನೋಡಿಯೇ ಮಾಡಿದೆ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಶನಿವಾರ ಖಾಲಿ. ಮಧ್ಯಾಹ್ನ ನಾಲ್ಕಕ್ಕೆ ಲೈಬ್ರರಿಯ ಮೀಟಿಂಗ್ ರೂಮ್ ಬುಕ್ ಮಾಡಿದೆ. ಹಾಜರಿದ್ದವರದಷ್ಟೇ ಮತ.

ಇಲ್ಲಿ ಹದಿನಾರು ವರ್ಷದಿಂದ ಇರುವ ಮನುಷ್ಯ ಮಾಡಬಾರದ ತಪ್ಪು ಅದು. ಶುಕ್ರವಾರ ಎಲ್ಲರಿಗೂ ಆಫೀಸು. ಪೂಜೆಯೇನೋ ಅಂದೇ ಆಗುತ್ತದೆ, ಆದರೆ ಅರಿಶಿನ ಕುಂಕುಮಕ್ಕೆ ಕರೆಯುವುದು ಶನಿವಾರ. ಒಂದೇ ಮಧ್ಯಾಹ್ನದಲ್ಲಿ ಹತ್ತು ಮನೆ, ಹನ್ನೆರಡು ಮನೆ. ಸಮಾಮಿಶ್‌ನಲ್ಲಿ ರೇಷ್ಮೆ ಸೀರೆ ಉಟ್ಟು ನಡೆದು ಹೋಗಲಾಗುವುದಿಲ್ಲ. ಹೆಂಡತಿಗೆ ತಟ್ಟೆ ಹಿಡಿದುಕೊಳ್ಳುವ ಕೆಲಸ, ಗಂಡನಿಗೆ ಡ್ರೈವರ್ ಕೆಲಸ. ಬೆಳಿಗ್ಗೆ ನನ್ನವಳು ಸುಧಾ ‘ನಾಲ್ಕಕ್ಕೆ ಪ್ರಸನ್ನನ ಮನೆಗೆ ಹೋಗ್ಬೇಕು ರೀ’ ಎಂದಾಗಲೂ, ‘ನೀನೇ ಡ್ರೈವ್ ಮಾಡ್ಕೊಂಡು ಹೋಗು, ನಂಗೆ ಮೀಟಿಂಗ್ ಇದೆ’ ಎಂದೆನೇ ಹೊರತು ತಲೆಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಲೈಬ್ರರಿಯಲ್ಲಿ ಉತ್ತರ ಕರ್ನಾಟಕದ ಹದಿನಾಲ್ಕು ಮನೆಯವರೂ ಕೂತಿದ್ದರು. ನಮ್ಮವರು ನಾನು ಸೇರಿ ಒಂಬತ್ತು.

ಪ್ರಸನ್ನನಿಗೆ ಫೋನ್ ಮಾಡಿದೆ. ಅಭ್ಯರ್ಥಿ ಮಹಾಶಯ ತನ್ನ ಮನೆ ಬಾಗಿಲಲ್ಲಿ ನಿಂತು ಬಂದವರಿಗೆ ಪಾರ್ಕಿಂಗ್ ತೋರಿಸುತ್ತಿದ್ದ. ‘ಗುರು, ಮನೆ ತುಂಬ ಜನ. ಯಾರ ಗಂಡಂದಿರೂ ಅಲ್ಲಾಡೋ ಹಾಗಿಲ್ಲ. ಆರಕ್ಕೆ ಪುಶ್ ಮಾಡೋಕಾಗಲ್ವಾ?’ ರೂಮು ಐದಕ್ಕೆ ಖಾಲಿ ಮಾಡಬೇಕಿತ್ತು.

ಹದಿನಾಲ್ಕು ಕೈ, ಒಂಬತ್ತು ಕೈ. ಸಮಾಮಿಶ್‌ನ ಹತ್ತಕ್ಕೆ ಹತ್ತೂ ಗಿರಿಜಕ್ಕನಿಗೆ. ಒಟ್ಟು ಹದಿನೆಂಟು, ಪ್ರಸನ್ನನಿಗೆ ಬಾಥೆಲ್‌ನವರು ಹಂಚಿದ ಮೂರು.

ಮರುದಿನ ನಾನೇ ಗಿರಿಜಕ್ಕನಿಗೆ ಫೋನ್ ಮಾಡಿದೆ. ಅಭಿನಂದನೆ ಹೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಗೆಲ್ಲೋಕಲ್ಲ ಗಿರಿಜಕ್ಕ, ಮರ್ಯಾದೆಗೆ. ಸಮಾಮಿಶ್‌ನಲ್ಲಿ ಒಂದು ನಾಲ್ಕು ಮತ ಪ್ರಸನ್ನನಿಗೆ ಅಂತ ಬರ್ಕೊಳ್ಳೋಣವಾ? ಹಂಚೋದೇ ನ್ಯಾಯ ಅಲ್ವಾ?’ ಎಂದೆ.

‘ಯಾಕ್ರೀ ಅಣ್ಣಾರ, ಒಂದ ಊರಿಗೆ ಒಂದ ಧ್ವನಿ ಇರಬೇಕು ಅಂದಿದ್ರಲ್ರೀ?’

ಅವರೇ ನಕ್ಕರು. ‘ಹೋಗ್ಲಿ ಬಿಡ್ರಿ. ನಿನ್ನೆ ನಿಮ್ಮ ಹಬ್ಬ ಅಂತ ನನಗೂ ಗೊತ್ತಿರಲಿಲ್ಲ. ನಮ್ ಕಡೆ ಪಂಚಮೀನ ದೊಡ್ಡದ ನೋಡ್ರಿ. ಆವತ್ತ ನೀವು ಕರೆದಿದ್ರ ನಮ್ಮವರೊಬ್ಬರೂ ಬರ್ತಿರಲಿಲ್ಲ.’

ಎಲ್ಲ ಊರಿನಲ್ಲೂ ಹಂಚುವ ನಿಯಮ ತರಬೇಕೆಂದು ತಮ್ಮ ಕಡೆಯವರಿಗೆ ಹೇಳಿದರಂತೆ. ನಿನ್ನೆಯವರೆಗೆ ಹಂಚಿ ಹಂಚಿ ಎನ್ನುತ್ತಿದ್ದವರೇ, ಈಗ ಇದ್ದ ಹಾಗೇ ಚೆನ್ನಾಗಿದೆಯಲ್ಲ ಎನ್ನುತ್ತಿದ್ದಾರಂತೆ.

‘ಅದಕ್ಕ ನಿಯಮ ಸಮಿತಿಗೆ ನೀವ ಇರ್ರಿ’ ಎಂದರು ಗಿರಿಜಕ್ಕ. ‘ಎರಡೂ ಕಡೆ ವಾದ ಬಾಯಿಪಾಠ ಇರೋರು ನೀವೊಬ್ಬರ.’

ಒಪ್ಪಿಕೊಂಡೆ. ರಾಜ್ಯೋತ್ಸವಕ್ಕೆ ರೊಟ್ಟಿ, ಎಣ್ಣೆಗಾಯಿ. ಪಾತ್ರೆ ತೊಳೆಯುವ ಸರದಿ ಪ್ರಸನ್ನನದು ಮತ್ತು ನನ್ನದು.

ಅಂದಹಾಗೆ, ಮುಂದಿನ ವರ್ಷ ನಾಗರಪಂಚಮಿ ಯಾವ ವಾರ ಬೀಳುತ್ತದೆ?